‘ಪುಟ್ ಆಫ್’ ಬಳಸುವುದು ಹೇಗೆ: ಮುಂದೆ ಹಾಕಿದ್ದು ಏನನ್ನು, ಹಿಂದೆ ಸರಿಸಿದ್ದು ಯಾರನ್ನು?

ಜುಲೈ ತಿಂಗಳಲ್ಲಿ ಶಿರಸಿ, ಯಲ್ಲಾಪುರ ಕಡೆಯ ಹೋಮ್‌ಸ್ಟೇಗಳಿಗೆ ಹೊರಗಿನವರಿಂದ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇಷ್ಟು ಮಳೆಯಲ್ಲಿ ಬರಬಹುದೋ, ಬೇಡವೋ? ಉತ್ತರವಾಗಿ ‘ಪ್ಲೀಸ್ ಪುಟ್ ಆಫ್ ಯುವರ್ ಟ್ರಿಪ್’ ಎಂದು ಬರೆದರೆ ಪ್ರವಾಸವನ್ನು ಮುಂದೆ ಹಾಕಿ ಎಂದಾಯಿತು. ‘ಡೋಂಟ್ ಬಿ ಪುಟ್ ಆಫ್ ಬೈ ದಿ ರೇನ್’ ಎಂದು ಬರೆದರೆ ಮಳೆಗೆ ಅಂಜಿ ಹಿಂದೆ ಸರಿಯಬೇಡಿ, ಬನ್ನಿ ಎಂದಾಯಿತು. ‘ಪುಟ್ ಆಫ್ ಅಂದರೆ ಮುಂದೂಡು’ ಎಂದು ಒಂದೇ ಅರ್ಥವನ್ನು ಉರು ಹೊಡೆದವರಿಗೆ ಎರಡನೆಯ ವಾಕ್ಯ ತಲೆಬುಡ ತಿಳಿಯುವುದಿಲ್ಲ. ಶಾಲೆಯ ಗೈಡುಗಳಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಕೊಟ್ಟು ಮುಗಿಸುವುದರಿಂದ ಈ ತೊಡಕು ಕಾಲೇಜು ದಾಟಿದ ಮೇಲೂ ಉಳಿದುಬಿಡುತ್ತದೆ.

‘ಪುಟ್’ ಕ್ರಿಯಾಪದ, ‘ಆಫ್’ ಅದಕ್ಕೆ ಅಂಟಿಕೊಂಡ ಪುಟ್ಟ ಪದ. ಎರಡೂ ಸೇರಿದಾಗ ಬಿಡಿ ಅರ್ಥ ಹೋಗಿ ಹೊಸ ಅರ್ಥ ಬರುತ್ತದೆ; ನಮ್ಮ ‘ಕೈಕೊಡು’ವಿನಲ್ಲಿ ಕೈಯೂ ಇಲ್ಲ, ಕೊಡುವುದೂ ಇಲ್ಲವಲ್ಲ, ಹಾಗೆ. ಇಂಥ ಜೋಡಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಜಲ್ ವರ್ಬ್ ಎನ್ನುತ್ತಾರೆ.

ಮೊದಲು ಕರ್ಮಪದ ಹುಡುಕಿ

‘ಪುಟ್ ಆಫ್’ ಕಂಡಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಏನನ್ನು? ಅಥವಾ ಯಾರನ್ನು? ಉತ್ತರ ಒಂದು ಕೆಲಸವೋ ಕಾರ್ಯಕ್ರಮವೋ ಆಗಿದ್ದರೆ (ಸಭೆ, ಮದುವೆ, ಪರೀಕ್ಷೆ, ಪ್ರವಾಸ, ಸಾಲ ತೀರಿಸುವುದು) ಅರ್ಥ ‘ಮುಂದೂಡು’. ಉತ್ತರ ಒಬ್ಬ ಮನುಷ್ಯನಾಗಿದ್ದರೆ ಅರ್ಥ ಬೇರೆ: ಮನಸ್ಸು ಹಿಂದೆಗೆಯುವಂತೆ ಮಾಡು, ಸಬೂಬು ಹೇಳಿ ಸಾಗಹಾಕು, ಗಮನ ತಪ್ಪಿಸು. ಈ ಮೂರರಲ್ಲಿ ಯಾವುದು ಎಂಬುದು ಸುತ್ತಲಿನ ಪದಗಳಿಂದ ಗೊತ್ತಾಗುತ್ತದೆ.

‘ದೇ ಪುಟ್ ಆಫ್ ದಿ ವೆಡ್ಡಿಂಗ್’: ಏನನ್ನು? ಮದುವೆಯನ್ನು. ಹಾಗಾದರೆ ಮುಂದೂಡಿದರು. ‘ದಿ ಸ್ಮೆಲ್ ಪುಟ್ ದೆಮ್ ಆಫ್’: ಯಾರನ್ನು? ಅವರನ್ನು. ಹಾಗಾದರೆ ವಾಸನೆಗೆ ಅವರಿಗೆ ಬೇಡವೆನಿಸಿತು. ಕಾರವಾರದ ಮಾರುಕಟ್ಟೆಯಲ್ಲಿ ಒಣಮೀನಿನ ಸಾಲಿಗೆ ಬಂದು ಮೂಗು ಮುಚ್ಚಿಕೊಂಡು ತಿರುಗಿ ಹೋಗುವ ಪ್ರವಾಸಿಗರ ಬಗ್ಗೆ ಹೇಳುವುದಾದರೆ ಇದೇ ವಾಕ್ಯ.

ಕರ್ಮಣಿ ಪ್ರಯೋಗದಲ್ಲಿ ಕರ್ಮಪದವೇ ಮುಂದೆ ಬಂದು ಕೂರುತ್ತದೆ, ಆಗ ವಾಕ್ಯದ ಮೊದಲ ಪದ ನೋಡಿದರೆ ಸಾಕು. ‘ದಿ ಮೀಟಿಂಗ್ ವಾಸ್ ಪುಟ್ ಆಫ್’: ಸಭೆ ಮುಂದೆ ಹೋಯಿತು. ‘ದಿ ವಿಸಿಟರ್ಸ್ ವರ್ ಪುಟ್ ಆಫ್’: ಬಂದವರಿಗೆ ಮನಸ್ಸು ಮುರಿಯಿತು.

ಇದಕ್ಕೆ ಒಂದು ಅಪವಾದವಿದೆ. ಭಾನುವಾರ ಬರಬೇಕಿದ್ದ ನೆಂಟರಿಗೆ ಮುಂದಿನ ವಾರ ಬನ್ನಿ ಎಂದು ಹೇಳಬೇಕಾಗಿದೆ ಎನ್ನಿ. ‘ವಿ ಹ್ಯಾಡ್ ಟು ಪುಟ್ ದೆಮ್ ಆಫ್ ಟಿಲ್ ನೆಕ್ಸ್ಟ್ ವೀಕ್’ ಎನ್ನಬಹುದು. ಇಲ್ಲಿ ಕರ್ಮ ಮನುಷ್ಯರೇ, ಆದರೆ ಜತೆಗೆ ‘ಟಿಲ್’ ಬಂದು ದಿನ ಹೇಳಿರುವುದರಿಂದ ಮುಂದೂಡಿದ್ದು ಅವರ ಬರುವಿಕೆಯನ್ನು. ಮನುಷ್ಯ ಕರ್ಮವಾಗಿದ್ದೂ ದಿನ, ವಾರದ ಮಾತು ಹಿಂದೆಯೇ ಬಂದಿದ್ದರೆ ಈ ಅರ್ಥವನ್ನು ಪರಿಶೀಲಿಸಿ.

ಮುಂದೂಡುವ ‘ಪುಟ್ ಆಫ್’

ಹೆಚ್ಚು ಬಳಕೆಯ ಅರ್ಥ ಇದು, ಹೆಚ್ಚು ತಪ್ಪಾಗುವುದೂ ಇಲ್ಲೇ. ತಪ್ಪು ಅರ್ಥದಲ್ಲಿ ಆಗುವುದಿಲ್ಲ, ಅದರ ಹಿಂದೆ ಬರುವ ಪದಗಳಲ್ಲಿ ಆಗುತ್ತದೆ.

ಕನ್ನಡದಲ್ಲಿ ‘ಸೋಮವಾರಕ್ಕೆ ಮುಂದೂಡಲಾಗಿದೆ’ ಎನ್ನುತ್ತೇವೆ. ಆ ‘ಕ್ಕೆ’ ಇಂಗ್ಲಿಷಿಗೆ ಹೋಗುವಾಗ ‘ಟು’ ಆಗಿಬಿಡುತ್ತದೆ: ‘ಪುಟ್ ಆಫ್ ಟು ಮಂಡೇ’. ‘ಪೋಸ್ಟ್‌ಪೋನ್’ ಜತೆ ‘ಟು’ ಸಲೀಸಾಗಿ ಹೊಂದುತ್ತದೆ, ‘ಪುಟ್ ಆಫ್’ ಜತೆ ರೂಢಿಯಲ್ಲಿರುವುದು ‘ಟಿಲ್’ ಅಥವಾ ‘ಅನ್‌ಟಿಲ್’. ‘ದಿ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಮಂಡೇ’ ಎನ್ನಿ.

ದಿನದ ಹೆಸರಿಲ್ಲದೆ ಅವಧಿ ಮಾತ್ರ ಹೇಳುವಾಗ ‘ಫಾರ್’ ಬೇಕು: ‘ಪುಟ್ ಆಫ್ ಫಾರ್ ಟೂ ಡೇಸ್’, ‘ಪುಟ್ ಆಫ್ ಫಾರ್ ಎ ವೀಕ್’. ಎರಡು ದಿನಗಳ ಮಟ್ಟಿಗೆ, ಒಂದು ವಾರದ ಮಟ್ಟಿಗೆ ಎಂದರ್ಥ. ‘ಟಿಲ್ ಟೂ ಡೇಸ್’ ಎಂಬುದು ತಪ್ಪು. ‘ಟಿಲ್’ ಕೇಳುವುದು ಯಾವಾಗಿನವರೆಗೆ ಎಂದು, ‘ಫಾರ್’ ಕೇಳುವುದು ಎಷ್ಟು ಕಾಲ ಎಂದು. ‘ಬೈ ಎ ವೀಕ್’ ಎಂದೂ ಬಳಸುತ್ತಾರೆ. ಆದರೆ ಕರ್ಮಣಿ ವಾಕ್ಯದಲ್ಲಿ ಅದೇ ‘ಬೈ’ ಮುಂದೂಡಿದವರು ಯಾರು ಎಂದು ಹೇಳುವುದಕ್ಕೂ ಬರುವುದರಿಂದ (‘ಪುಟ್ ಆಫ್ ಬೈ ದಿ ಸೆಕ್ರೆಟರಿ’) ಬರವಣಿಗೆಯಲ್ಲಿ ಅವಧಿಗೆ ‘ಫಾರ್’ ಹಾಕಿದರೆ ಓದುವವರಿಗೆ ಸುಲಭ. ಕಾರಣ ಹೇಳಲು ‘ಬಿಕಾಸ್ ಆಫ್’: ‘ಪುಟ್ ಆಫ್ ಬಿಕಾಸ್ ಆಫ್ ಹೆವಿ ರೇನ್’.

ಇನ್ನೊಂದು ಕೆಲಸವನ್ನು ಕ್ರಿಯಾಪದದ ರೂಪದಲ್ಲೇ ಮುಂದೂಡುವಾಗ ಅದಕ್ಕೆ ‘ಇಂಗ್’ ಸೇರಬೇಕು. ‘ಹೋಗುವುದನ್ನು ಮುಂದೆ ಹಾಕಿದ’ ಎಂದರೆ ‘ಹಿ ಪುಟ್ ಆಫ್ ಗೋಯಿಂಗ್’. ‘ಪುಟ್ ಆಫ್ ಟು ಗೋ’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಕನ್ನಡದ ‘ಹೋಗುವುದನ್ನು’, ‘ಕಟ್ಟುವುದನ್ನು’, ‘ತೋರಿಸುವುದನ್ನು’ ಎಂಬ ರೂಪವನ್ನೇ ನೆನಪಿಡಿ. ‘ಉವುದನ್ನು’ ಬಂದಲ್ಲಿ ಇಂಗ್ಲಿಷಿನಲ್ಲಿ ‘ಇಂಗ್’. ‘ಶಿ ಕೀಪ್ಸ್ ಪುಟಿಂಗ್ ಆಫ್ ಸೀಯಿಂಗ್ ಎ ಡೆಂಟಿಸ್ಟ್’: ಹಲ್ಲಿನ ಡಾಕ್ಟರಿಗೆ ತೋರಿಸುವುದನ್ನು ಮುಂದೆ ಹಾಕುತ್ತಲೇ ಇದ್ದಾಳೆ.

‘ಇಟ್’, ‘ದೆಮ್’, ‘ದಿಸ್’ನಂಥ ಸರ್ವನಾಮ ಬಂದರೆ ಅದನ್ನು ನಡುವೆ ಇಡಿ. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಸಾಮಾನ್ಯ ನಾಮಪದವಾದರೆ ಎರಡೂ ಕಡೆ ಕೂರುತ್ತದೆ: ‘ಪುಟ್ ಆಫ್ ದಿ ಮೀಟಿಂಗ್’, ‘ಪುಟ್ ದಿ ಮೀಟಿಂಗ್ ಆಫ್’. ಕರ್ಮ ಉದ್ದವಾದಷ್ಟೂ ಅದನ್ನು ಕೊನೆಗೆ ಒಯ್ಯಿರಿ. ನಾಳೆ ಮಾಡಿದರಾಯಿತು ಎನ್ನಬೇಡ ಎಂಬ ಅರ್ಥದ ಇಂಗ್ಲಿಷ್ ಗಾದೆ ಇದಕ್ಕೆ ಒಳ್ಳೆಯ ಮಾದರಿ: ‘ನೆವರ್ ಪುಟ್ ಆಫ್ ಟಿಲ್ ಟುಮಾರೋ ವಾಟ್ ಯು ಕ್ಯಾನ್ ಡು ಟುಡೇ’. ಕರ್ಮ ಐದು ಪದದಷ್ಟು ಉದ್ದವಿರುವುದರಿಂದ ‘ಟಿಲ್ ಟುಮಾರೋ’ವನ್ನು ಮೊದಲೇ ಹೇಳಿ ಮುಗಿಸಿದ್ದಾರೆ.

ಕಾಲದ ರೂಪ ಸುಲಭ: ವರ್ತಮಾನ, ಭೂತ, ಭೂತಕೃದಂತ ಮೂರರಲ್ಲೂ ‘ಪುಟ್’ ಎಂದೇ ಇರುತ್ತದೆ. ‘ಪುಟೆಡ್’ ಎಂಬ ರೂಪ ಈ ಪದಕ್ಕೆ ಇಲ್ಲ. ‘ಹಿ’ ಅಥವಾ ‘ಶಿ’ ಕರ್ತೃವಾಗಿದ್ದರೆ ಕಾಲ ಗೊತ್ತುಮಾಡಲು ‘ಎಸ್’ ನೋಡಿ. ‘ಹಿ ಪುಟ್ಸ್ ಇಟ್ ಆಫ್’ ಎಂದರೆ ಮುಂದೂಡುತ್ತಾನೆ, ‘ಹಿ ಪುಟ್ ಇಟ್ ಆಫ್’ ಎಂದರೆ ಮುಂದೂಡಿದ. ‘ಐ’, ‘ವಿ’, ‘ದೇ’ ಇದ್ದಾಗ ಆ ಸುಳಿವೂ ಇರುವುದಿಲ್ಲ, ‘ಯೆಸ್ಟರ್‌ಡೇ’, ‘ಆಲ್ವೇಸ್’ನಂಥ ಪದ ಹುಡುಕಬೇಕು.

ತಪ್ಪು ಯಾರದು ಎಂಬ ಧ್ವನಿ

‘ಪೋಸ್ಟ್‌ಪೋನ್’ಗೂ ‘ಪುಟ್ ಆಫ್’ಗೂ ಅರ್ಥ ಒಂದೇ ಆದರೂ ಧ್ವನಿ ಒಂದೇ ಅಲ್ಲ. ‘ಪೋಸ್ಟ್‌ಪೋನ್’ ನೋಟಿಸು, ಆದೇಶ, ಸುದ್ದಿಯ ಪದ. ಅದು ಯಾರ ಮೇಲೂ ಬೊಟ್ಟು ಮಾಡುವುದಿಲ್ಲ. ‘ಪುಟ್ ಆಫ್’ ಮಾತಿನ ಪದ. ಒಬ್ಬ ವ್ಯಕ್ತಿ ತನ್ನ ಕೆಲಸವನ್ನು ‘ಪುಟ್ ಆಫ್’ ಮಾಡಿದ ಎಂದಾಗ ಅವನಿಗೆ ಮನಸ್ಸಿರಲಿಲ್ಲ, ಉದಾಸೀನ ಮಾಡಿದ ಎಂಬ ಛಾಯೆ ಅನೇಕ ಸಲ ಸೇರಿಕೊಳ್ಳುತ್ತದೆ. ‘ಕೀಪ್ ಪುಟಿಂಗ್ ಆಫ್’ ಎಂದರಂತೂ ಆ ಛಾಯೆ ಗಟ್ಟಿಯಾಗುತ್ತದೆ.

ಅಡಿಕೆ ತೋಟದ ಒಂದು ಸಂದರ್ಭ ನೋಡಿ. ಕೊಳೆರೋಗಕ್ಕೆ ಶೇ. 1ರ ಬೋರ್ಡೊ ದ್ರಾವಣವನ್ನು (100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ) ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅದಾಗಿ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯುತ್ತಾರೆ. ಎರಡನೆಯ ಸಲ ಮಳೆ ಬಿಡುವು ಕೊಡುವುದಿಲ್ಲ, ಮರ ಹತ್ತಲು ಕೊನೆಗೌಡರೂ ಸಿಗುವುದಿಲ್ಲ, ಮದ್ದು ಹೊಡೆಯುವುದು ತಡವಾಗುತ್ತದೆ. ಇದನ್ನು ಬೆಳೆ ಪರಿಹಾರದ ಅರ್ಜಿಯಲ್ಲೋ ಬ್ಯಾಂಕಿಗೆ ಬರೆಯುವ ಪತ್ರದಲ್ಲೋ ‘ಐ ಪುಟ್ ಆಫ್ ದಿ ಸೆಕೆಂಡ್ ಸ್ಪ್ರೇ’ ಎಂದು ಬರೆದರೆ ಬೆಳೆಗಾರ ತಾನಾಗಿ ಮುಂದೆ ಹಾಕಿದ ಎಂದೇ ಓದಿಕೊಳ್ಳುತ್ತಾರೆ. ‘ಐ ಹ್ಯಾಡ್ ಟು ಪುಟ್ ಆಫ್ ದಿ ಸೆಕೆಂಡ್ ಸ್ಪ್ರೇ ಬಿಕಾಸ್ ಆಫ್ ಕಂಟಿನ್ಯುವಸ್ ರೇನ್’ ಎಂದು ಬರೆಯಿರಿ. ‘ಹ್ಯಾಡ್ ಟು’ ಎಂಬ ಎರಡು ಚಿಕ್ಕ ಪದ ‘ಬೇರೆ ದಾರಿ ಇರಲಿಲ್ಲ’ ಎಂಬುದನ್ನು ಹೇಳಿಬಿಡುತ್ತವೆ. ಕಚೇರಿಯ ಪತ್ರದಲ್ಲಿ ಇದು ಸಣ್ಣ ಸಂಗತಿಯಲ್ಲ.

‘ಮುಂದೆ’ ಹಾಕಿದರೆ ‘ಫಾರ್ವರ್ಡ್’ ಅಲ್ಲ

ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಜಾಗ ಇದು. ನಮಗೆ ಸಭೆ ‘ಮುಂದೆ ಹೋಯಿತು’ ಎಂದರೆ ತಡವಾಯಿತು. ಅದನ್ನೇ ‘ದಿ ಮೀಟಿಂಗ್ ಇಸ್ ಮೂವ್ಡ್ ಫಾರ್ವರ್ಡ್’ ಎಂದು ಬರೆದರೆ ಇಂಗ್ಲಿಷ್ ಓದುಗರು ಬಹುಮಟ್ಟಿಗೆ ಉಲ್ಟಾ ತಿಳಿಯುತ್ತಾರೆ. ‘ಬ್ರಿಂಗ್ ಫಾರ್ವರ್ಡ್’ ಎಂದರಂತೂ ನಿಗದಿಯಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು. 12ನೇ ತಾರೀಖಿನ ಸಭೆಯನ್ನು ಎರಡು ದಿನ ‘ಬ್ರಿಂಗ್ ಫಾರ್ವರ್ಡ್’ ಮಾಡಿದರೆ ಅದು 10ಕ್ಕೆ ನಡೆಯುತ್ತದೆ. ಎರಡು ದಿನ ‘ಪುಟ್ ಆಫ್’ ಮಾಡಿದರೆ 14ಕ್ಕೆ. ಕನ್ನಡದ ‘ಮುಂದೆ’ಯನ್ನು ನೆಚ್ಚಿ ಬರೆದವರು 14ಕ್ಕೆ ಬಾಗಿಲು ತೆರೆದು ಕೂತಿರುತ್ತಾರೆ, ಓದಿದವರು 10ಕ್ಕೇ ಬಂದು ಬೀಗ ಕಂಡು ಹೋಗಿರುತ್ತಾರೆ.

‘ಪುಟ್ ಬ್ಯಾಕ್’ ಇನ್ನೂ ಗಲಿಬಿಲಿ ಹುಟ್ಟಿಸುತ್ತದೆ. ಪದಕ್ಕೆ ಪದ ನೋಡಿದರೆ ‘ಹಿಂದೆ ಹಾಕು’. ಆದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಸಭೆಯನ್ನು ‘ಪುಟ್ ಬ್ಯಾಕ್’ ಮಾಡಿದರೆ ತಡಮಾಡಿದಂತೆ, ಅಂದರೆ ನಮ್ಮ ‘ಮುಂದೆ ಹಾಕು’. ಗಡಿಯಾರವನ್ನು ಒಂದು ಗಂಟೆ ‘ಪುಟ್ ಬ್ಯಾಕ್’ ಮಾಡಿದರೆ ಮಾತ್ರ ಮುಳ್ಳು ನಿಜವಾಗಿಯೂ ಹಿಂದಕ್ಕೆ ಹೋಗುತ್ತದೆ. ಓದಿದಾಗ ಅರ್ಥವಾದರೆ ಸಾಕು, ಸ್ವಂತ ಬರವಣಿಗೆಗೆ ‘ಪುಟ್ ಆಫ್’ ಇರಲಿ.

ಮೊದಲೇ ಮಾಡುವುದಕ್ಕೆ ‘ಪ್ರೀಪೋನ್’ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದು ಸೇರಿದೆ. ದೇಶದೊಳಗೆ ಬಳಸಲು ಅಡ್ಡಿಯಿಲ್ಲ. ಗೋಕರ್ಣಕ್ಕೆ ಬರುವ ವಿದೇಶಿಯರ ಜತೆ ಮಾತಾಡುವವರು ‘ಬ್ರಿಂಗ್ ಫಾರ್ವರ್ಡ್’ ಅಥವಾ ‘ಅರ್ಲಿಯರ್’ ಎನ್ನುವುದು ಒಳ್ಳೆಯದು. ಯಾವ ಪದ ಬಳಸಿದರೂ ಹಳೆಯ ತಾರೀಖು, ಹೊಸ ತಾರೀಖು ಎರಡನ್ನೂ ಅಂಕಿಯಲ್ಲಿ ಬರೆದುಬಿಡಿ. ಪದ ತಪ್ಪಿದರೂ ತಾರೀಖು ಜನರನ್ನು ಸರಿಯಾದ ದಿನ ಕರೆತರುತ್ತದೆ.

ಮನುಷ್ಯರನ್ನು ‘ಪುಟ್ ಆಫ್’ ಮಾಡುವುದು

ಬೇಡವೆನಿಸುವಂತೆ ಮಾಡುವುದು ಇದರ ಮುಖ್ಯ ಅರ್ಥ. ಇಲ್ಲಿ ವಾಕ್ಯದ ಕಟ್ಟಡವೇ ಕನ್ನಡದ್ದಕ್ಕಿಂತ ಬೇರೆ. ಕನ್ನಡದಲ್ಲಿ ‘ಆ ವಾಸನೆಗೆ ನನಗೆ ಮೀನೇ ಬೇಡವಾಯಿತು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ವಾಸನೆಯೇ ಕರ್ತೃ, ನಾನು ಕರ್ಮ: ‘ದಿ ಸ್ಮೆಲ್ ಪುಟ್ ಮಿ ಆಫ್ ಫಿಶ್’. ಇದನ್ನು ‘ಐ ಪುಟ್ ಆಫ್ ಫಿಶ್’ ಎಂದು ತಿರುಗಿಸಿದರೆ ಮೀನನ್ನು ಮುಂದೂಡಿದೆ ಎಂಬ ವಿಚಿತ್ರ ಅರ್ಥ ಬರುತ್ತದೆ. ಕ್ರಮ ಹೀಗೆ: ಕಾರಣವಾದ ವಸ್ತು, ‘ಪುಟ್’, ಮನುಷ್ಯ, ‘ಆಫ್’, ಬೇಡವಾದ ವಸ್ತು. ಬೇಡವಾದದ್ದು ಕೆಲಸವಾದರೆ ಇಲ್ಲೂ ‘ಇಂಗ್’: ‘ದಿ ಹೇರ್‌ಪಿನ್ ಬೆಂಡ್ಸ್ ಪುಟ್ ಹಿಮ್ ಆಫ್ ಡ್ರೈವಿಂಗ್’. ದೇವಿಮನೆ ಘಟ್ಟದ ತಿರುವು ಕಂಡು ಗಾಡಿ ಓಡಿಸುವ ಆಸೆಯೇ ಬಿಟ್ಟವನ ಬಗ್ಗೆ ಹೀಗೆ ಹೇಳಬಹುದು. ಬೇಡವಾದದ್ದನ್ನೂ ಹೇಳುವ ಈ ಕಟ್ಟಡದಲ್ಲಿ ಮನುಷ್ಯ ‘ಪುಟ್’ ಮತ್ತು ‘ಆಫ್’ ನಡುವೆಯೇ ಇರಬೇಕು. ‘ಪುಟ್ ಆಫ್ ಮಿ ಫಿಶ್’ ಆಗುವುದಿಲ್ಲ.

ಧೈರ್ಯ ಹೇಳುವಾಗ ಇದರ ನಿಷೇಧ ರೂಪ ತುಂಬ ಉಪಯುಕ್ತ. ‘ಡೋಂಟ್ ಲೆಟ್ ದಿ ಲೀಚಸ್ ಪುಟ್ ಯು ಆಫ್’: ಉಂಬಳ ಕಚ್ಚುತ್ತದೆ ಎಂದು ಬರುವುದನ್ನು ಬಿಡಬೇಡಿ. ಹೊರಗಿನಿಂದ ನೋಡಿದರೆ ಸಾಧಾರಣ, ಒಳಗೆ ಊಟ ಚೆನ್ನಾಗಿದೆ ಎನ್ನುವ ಖಾನಾವಳಿಗೆ ಯಾರನ್ನಾದರೂ ಕಳಿಸುವಾಗ ‘ಡೋಂಟ್ ಬಿ ಪುಟ್ ಆಫ್ ಬೈ ಹೌ ಇಟ್ ಲುಕ್ಸ್’. ಈ ಅರ್ಥದ ಗುಣವಾಚಕ ‘ಆಫ್‌-ಪುಟಿಂಗ್’, ಪದಗಳು ತಿರುಗುಮುರುಗಾಗಿ ನಡುವೆ ಅಡ್ಡಗೆರೆ ಬರುತ್ತದೆ. ‘ಆನ್ ಆಫ್‌-ಪುಟಿಂಗ್ ಸ್ಮೆಲ್’, ‘ಹಿಸ್ ಮ್ಯಾನರ್ ವಾಸ್ ಆಫ್‌-ಪುಟಿಂಗ್’. ಮುಂದೂಡುವ ಅರ್ಥಕ್ಕೆ ಈ ಗುಣವಾಚಕ ಇಲ್ಲ. ಮುಂದೂಡಿದ ಸಭೆಯನ್ನು ‘ಆಫ್‌-ಪುಟಿಂಗ್ ಮೀಟಿಂಗ್’ ಎಂದರೆ ಸಭೆಯೇ ಬೇಸರ ಹುಟ್ಟಿಸುವಂತಿತ್ತು ಎಂದಾಗುತ್ತದೆ.

ಸಬೂಬು ಹೇಳಿ ಸಾಗಹಾಕುವ ಅರ್ಥದಲ್ಲಿ ‘ವಿತ್’ ಜತೆಗಿರುತ್ತದೆ. ಪಹಣಿ ತಿದ್ದುಪಡಿಗೋ ಪಿಂಚಣಿಗೋ ಅಲೆಯುವವರಿಗೆ ‘ಇವತ್ತು ಸಾಹೇಬರಿಲ್ಲ, ನಾಳೆ ಬನ್ನಿ’ ಎನ್ನುವುದನ್ನು ‘ದೇ ಕೆಪ್ಟ್ ಪುಟಿಂಗ್ ಹರ್ ಆಫ್ ವಿತ್ ಎಕ್ಸ್‌ಕ್ಯೂಸಸ್’ ಎಂದು ಬರೆಯಬಹುದು. ಅವಳು ಬಿಡಲಿಲ್ಲ ಎನ್ನುವುದಕ್ಕೆ ‘ಶಿ ವುಡ್ ನಾಟ್ ಬಿ ಪುಟ್ ಆಫ್’. ದೂರು ಬರೆಯುವವರಿಗೆ ಈ ಎರಡೂ ವಾಕ್ಯ ಕೈಗೆ ಬರಲಿ. ‘ದೇ ಪೋಸ್ಟ್‌ಪೋನ್ಡ್ ಹರ್’ ಎಂದು ಬರೆದರೆ ದೂರಿನ ಕಾವೇ ಹೋಗುತ್ತದೆ, ವ್ಯಾಕರಣವೂ ಕೆಡುತ್ತದೆ.

ಗಮನ ತಪ್ಪಿಸುವ ಅರ್ಥ ಬ್ರಿಟಿಷ್ ಇಂಗ್ಲಿಷಿನಲ್ಲಿ ಹೆಚ್ಚು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರಿಗೆ ಎದುರು ಕೂತವರ ಮೊಬೈಲ್ ಕೂಗಿ ಮಾತು ತಪ್ಪಿದರೆ ‘ದಿ ರಿಂಗಿಂಗ್ ಪುಟ್ ಹಿಮ್ ಆಫ್’. ‘ಸ್ಟಾಪ್ ಇಟ್, ಯು ಆರ್ ಪುಟಿಂಗ್ ಮಿ ಆಫ್’ ಎಂದರೆ ಸುಮ್ಮನಿರು, ನನ್ನ ಲಕ್ಷ್ಯ ತಪ್ಪುತ್ತಿದೆ ಎಂದು.

ದೋಣಿ, ಬಸ್ಸು, ದೀಪ

ಕರಾವಳಿಯವರಿಗೆ ಹತ್ತಿರದ ಇನ್ನೊಂದು ಬಳಕೆ ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ: ‘ದಿ ಬೋಟ್ ಪುಟ್ ಆಫ್ ಫ್ರಮ್ ದಿ ಜೆಟ್ಟಿ’. ಧಕ್ಕೆ ಬಿಟ್ಟು ಹೊರಟಿತು ಎಂದರ್ಥ. ಇಲ್ಲಿ ಕರ್ಮವೇ ಇಲ್ಲ, ‘ಫ್ರಮ್’ ಇದೆ ಎಂಬುದೇ ಗುರುತು. ತದಡಿಯಿಂದ ಅಘನಾಶಿನಿಗೆ ಹೊಳೆ ದಾಟುವ ದೋಣಿಗಾಗಲಿ, ಪುಷ್ಯ ಹುಣ್ಣಿಮೆಯ ಜಾತ್ರೆಗೆ ಕೂರ್ಮಗಡಕ್ಕೆ ಹೊರಡುವ ದೋಣಿಗಾಗಲಿ ಇದು ಹೊಂದುತ್ತದೆ. ಕಡಲಿಗೆ ಇಳಿಯುವುದಕ್ಕೆ ಹೆಚ್ಚು ಚಾಲ್ತಿಯಲ್ಲಿರುವುದು ‘ಪುಟ್ ಔಟ್ ಟು ಸೀ’. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧವಿರುತ್ತದಲ್ಲ, ಆಗ ಬೈತಖೋಲದ ಟ್ರಾಲರುಗಳು ‘ಡು ನಾಟ್ ಪುಟ್ ಔಟ್ ಟು ಸೀ’. ಹಗ್ಗ ಬಿಚ್ಚುವುದಕ್ಕೆ ‘ಕಾಸ್ಟ್ ಆಫ್’ ಎಂಬ ಬೇರೆಯೇ ಪದವಿದೆ.

ಬಸ್ಸಿನಿಂದ ಇಳಿಸುವುದಕ್ಕೂ ‘ಪುಟ್ ಆಫ್’ ಉಂಟು. ‘ದಿ ಕಂಡಕ್ಟರ್ ಪುಟ್ ಹಿಮ್ ಆಫ್ ದಿ ಬಸ್’ ಎಂದರೆ ಟಿಕೆಟ್ಟಿಲ್ಲದ್ದಕ್ಕೋ ಗಲಾಟೆಗೋ ಇಳಿಸಿಬಿಟ್ಟ ಎಂಬ ಭಾವ ಬರುವುದೇ ಹೆಚ್ಚು. ಅಂಕೋಲಾದಲ್ಲಿ ಇಳಿಸಿ ಎಂದು ಕೇಳಿಕೊಳ್ಳಲು ‘ಡ್ರಾಪ್ ಮಿ ಅಟ್ ಅಂಕೋಲಾ’ ಎನ್ನಿ. ತಾನಾಗಿ ಇಳಿಯುವುದು ‘ಗೆಟ್ ಆಫ್’.

ದೀಪ ಆರಿಸುವುದಕ್ಕೆ ‘ಪುಟ್ ಆಫ್ ದಿ ಲೈಟ್’ ಎಂದು ಹೇಳುವವರು ನಮ್ಮಲ್ಲಿ ಬಹಳ. ತಪ್ಪೇನೂ ಅಲ್ಲ, ಆದರೆ ಈಗ ಎಲ್ಲೆಡೆ ನಡೆಯುವುದು ‘ಸ್ವಿಚ್ ಆಫ್’ ಅಥವಾ ‘ಟರ್ನ್ ಆಫ್’. ‘ಆಫ್ ದಿ ಲೈಟ್’ ಮಾತ್ರ ಖಂಡಿತ ತಪ್ಪು. ಕನ್ನಡದಲ್ಲಿ ‘ಆಫ್ ಮಾಡು’ ಎನ್ನುವಾಗ ‘ಮಾಡು’ ಕ್ರಿಯಾಪದದ ಕೆಲಸ ಮಾಡುತ್ತದೆ. ಇಂಗ್ಲಿಷಿಗೆ ಹೋಗುವಾಗ ಅದು ಬಿದ್ದುಹೋಗಿ ‘ಆಫ್’ ಒಂದೇ ಉಳಿಯುತ್ತದೆ.

ಪಕ್ಕದ ಪದಗಳ ಜತೆ ಗೊಂದಲ

‘ಕಾಲ್ ಆಫ್’ ಎಂದರೆ ರದ್ದು. ಮತ್ತೆ ನಡೆಯುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಬಯಲಾಟದ ದಿನ ಮಳೆ ಬಂತು, ಮುಂದಿನ ಶನಿವಾರ ಆಡಿಸುತ್ತಾರೆ ಎಂದರೆ ‘ಪುಟ್ ಆಫ್’. ಆಟವೇ ಬಿಟ್ಟುಹೋಯಿತು ಎಂದರೆ ‘ಕಾಲ್ಡ್ ಆಫ್’. ಮಳೆಯಿಂದಲೇ ನಿಂತುಹೋಯಿತು ಎನ್ನಲು ‘ರೇನ್ಡ್ ಆಫ್’ ಎಂಬ ಬ್ರಿಟಿಷ್ ಪದವಿದೆ, ಅಮೆರಿಕನ್ನರು ‘ರೇನ್ಡ್ ಔಟ್’ ಎನ್ನುತ್ತಾರೆ.

‘ಡಿಲೇ’ಯಲ್ಲಿ ಯಾರೂ ತೀರ್ಮಾನ ಮಾಡಿರಬೇಕೆಂದಿಲ್ಲ, ತಡವಾಯಿತು ಅಷ್ಟೇ. ಶಿರವಾಡದ ನಿಲ್ದಾಣದಲ್ಲಿ ಎರಡು ಗಂಟೆ ರೈಲು ಕಾದವರು ‘ದಿ ಟ್ರೇನ್ ವಾಸ್ ಡಿಲೇಡ್ ಬೈ ಟೂ ಅವರ್ಸ್’ ಎನ್ನಬೇಕು. ‘ಪುಟ್ ಆಫ್’ಗೆ ಯಾರಾದರೂ ಕೂತು ನಿರ್ಧರಿಸಿರಬೇಕು.

ಒಂದು ನೋಟಿಸು, ಎರಡು ಮೆಸೇಜು

ಸಹಕಾರಿ ಸಂಘವೊಂದರ ಬೋರ್ಡಿನಲ್ಲಿ ಇಂಥ ನೋಟಿಸು ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಯೋಚಿಸಿ ಬರೆದ ಮೊದಲ ಕರಡು ಬಹುಶಃ ಹೀಗಿರುತ್ತದೆ: ‘ದಿ ಮೀಟಿಂಗ್ ಇಸ್ ಪುಟ್ ಆಫ್ ಟು ಕಮಿಂಗ್ ಮಂಡೇ ಡ್ಯೂ ಟು ರೇನ್’. ತಿದ್ದುತ್ತ ಹೋಗೋಣ. ‘ಇಸ್’ ಬದಲು ‘ಹ್ಯಾಸ್ ಬೀನ್’, ಏಕೆಂದರೆ ತೀರ್ಮಾನ ಆಗಿಹೋಗಿದೆ, ಅದರ ಪರಿಣಾಮ ಈಗಲೂ ಇದೆ. ನೋಟಿಸಿನ ಗಾಂಭೀರ್ಯಕ್ಕೆ ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್ಡ್’. ಆಗ ‘ಟು’ ಹಾಗೇ ಉಳಿಯಬಹುದು. ‘ಕಮಿಂಗ್ ಮಂಡೇ’ ಯಾವ ಸೋಮವಾರ ಎಂಬುದು ನೋಟಿಸು ಓದಿದ ದಿನದ ಮೇಲೆ ಹೋಗುತ್ತದೆ, ಅದರ ಜಾಗದಲ್ಲಿ ತಾರೀಖು ಬೇಕು. ತಿದ್ದಿದ ಮೇಲೆ: ‘ದಿ ಮೀಟಿಂಗ್ ಫಿಕ್ಸ್ಡ್ ಫಾರ್ 12 ಆಗಸ್ಟ್ ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್ ಟು 19 ಆಗಸ್ಟ್ ಬಿಕಾಸ್ ಆಫ್ ಹೆವಿ ರೇನ್’. ಇದನ್ನೇ ಸದಸ್ಯರೊಬ್ಬರಿಗೆ ಫೋನಿನಲ್ಲಿ ಹೇಳುವಾಗ ‘ದೇ ಹ್ಯಾವ್ ಪುಟ್ ಇಟ್ ಆಫ್ ಟಿಲ್ ದಿ ನೈನ್‌ಟೀಂತ್’ ಸಾಕು.

ಅತಿಥಿಗಳಿಗೆ ಕಳಿಸುವ ಮೆಸೇಜಿನಲ್ಲಿ ರಸ್ತೆ ಕೆಟ್ಟಿದ್ದರೆ ಸ್ಪಷ್ಟವಾಗಿ ಹೇಳಿಬಿಡಿ: ‘ದೇರ್ ಹ್ಯಾಸ್ ಬೀನ್ ಎ ಲ್ಯಾಂಡ್‌ಸ್ಲೈಡ್ ಆನ್ ದಿ ಘಾಟ್ ರೋಡ್. ಪ್ಲೀಸ್ ಪುಟ್ ಆಫ್ ಯುವರ್ ಟ್ರಿಪ್ ಟಿಲ್ ವಿ ಕನ್‌ಫರ್ಮ್’. ಗುಡ್ಡ ಕುಸಿದಿದೆ, ನಾವು ಹೇಳುವ ತನಕ ಹೊರಡಬೇಡಿ ಎಂದು. ರಸ್ತೆ ಸರಿಯಿದ್ದು ಬರಿ ಮಳೆ ಮಾತ್ರವಾದರೆ: ‘ದಿ ರೋಡ್ಸ್ ಆರ್ ಓಪನ್. ಡೋಂಟ್ ಬಿ ಪುಟ್ ಆಫ್ ಬೈ ದಿ ರೇನ್. ಉಂಚಳ್ಳಿ ಫಾಲ್ಸ್ ಈಸ್ ಫುಲ್ ನೌ’. ಮೊದಲನೆಯದನ್ನು ಬರೆಯುವಾಗ ‘ಯುವರ್ ಟ್ರಿಪ್’ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಕರ್ಮವಿಲ್ಲದ ‘ಪ್ಲೀಸ್ ಪುಟ್ ಆಫ್’ನಿಂದ ಅವರು ಏನನ್ನು ಮುಂದೆ ಹಾಕಬೇಕು ಎಂಬುದೇ ತಿಳಿಯುವುದಿಲ್ಲ.

ಕಾಗುಣಿತ, ಉಚ್ಚಾರ

‘ಆಫ್’ ಬರೆಯುವಾಗ ಎಫ್ ಎರಡು. ಒಂದೇ ಎಫ್ ಹಾಕಿದರೆ ಅದು ಬೇರೆ ಪದ, ಅದರ ಉಚ್ಚಾರ ‘ಆವ್’ಗೆ ಹತ್ತಿರ. ಕನ್ನಡ ಲಿಪಿಯಲ್ಲಿ ಎರಡನ್ನೂ ‘ಆಫ್’ ಎಂದೇ ಬರೆದು ರೂಢಿಯಾಗಿರುವುದರಿಂದ ಈ ತಪ್ಪು ಉತ್ತರಪತ್ರಿಕೆಗಳಲ್ಲಿ ಬಹಳ. ‘ಪುಟಿಂಗ್’ನಲ್ಲಿ ಟಿ ಎರಡು. ಮಾತಾಡುವಾಗ ಎರಡು ಪದ ಕೂಡಿ ‘ಪುಟಾಫ್’ ಎಂದು ಕೇಳುತ್ತದೆ, ‘ಪುಟ್ ಇಟ್ ಆಫ್’ ಹೆಚ್ಚುಕಡಿಮೆ ‘ಪುಟಿಟಾಫ್’. ಒತ್ತು ‘ಆಫ್’ ಮೇಲೆ ಬೀಳಲಿ.

ಪರೀಕ್ಷೆಯ ಬಿಟ್ಟ ಸ್ಥಳ

ಬ್ಯಾಂಕು, ಎಸ್ಎಸ್‌ಸಿ ಪರೀಕ್ಷೆಗಳಲ್ಲಿ ‘ಪುಟ್ ಆಫ್’, ‘ಕಾಲ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’ನಂಥವನ್ನು ಒಟ್ಟಿಗೇ ಆಯ್ಕೆಯಾಗಿ ಕೊಡುತ್ತಾರೆ. ಬಿಟ್ಟ ಜಾಗದ ಹಿಂದುಮುಂದಲ್ಲೇ ಉತ್ತರ ಇರುತ್ತದೆ, ವಾಕ್ಯವನ್ನು ಕೊನೆಯವರೆಗೆ ಓದಿ. ಪಂದ್ಯ ನಿಂತಿತು, ‘ಇಟ್ ವಿಲ್ ಬಿ ಪ್ಲೇಡ್ ಆನ್ ಸಂಡೇ’ ಎಂದಿದ್ದರೆ ‘ಪುಟ್ ಆಫ್’. ಟಿಕೆಟ್ ಹಣ ವಾಪಸ್ ಕೊಟ್ಟರು ಎಂದಿದ್ದರೆ ‘ಕಾಲ್ಡ್ ಆಫ್’. ಬೆಂಕಿ ಇದ್ದರೆ ‘ಪುಟ್ ಔಟ್’. ಗದ್ದಲ, ಕಿರಿಕಿರಿ, ಸಹಿಸಲಾಗದು ಎಂದಿದ್ದರೆ ‘ಪುಟ್ ಅಪ್ ವಿತ್’.

ಈಗ ಕೆಲವನ್ನು ಬಾಯಲ್ಲೇ ತಿರುಗಿಸಿ ನೋಡಿ. ‘ಮನೆ ಮಾಡಿಗೆ ಹೆಂಚು ಹಾಕಿಸುವುದನ್ನು ಮಳೆಗಾಲ ಮುಗಿಯುವ ತನಕ ಮುಂದೆ ಹಾಕಬೇಕಾಯಿತು’: ‘ವಿ ಹ್ಯಾಡ್ ಟು ಪುಟ್ ಆಫ್ ಟೈಲಿಂಗ್ ದಿ ರೂಫ್ ಟಿಲ್ ದಿ ರೇನ್ಸ್ ವರ್ ಓವರ್’. ‘ಹ್ಯಾಡ್ ಟು’, ‘ಇಂಗ್’, ‘ಟಿಲ್’ ಮೂರೂ ಬಂದವೇ ಎಂದು ಪರೀಕ್ಷಿಸಿಕೊಳ್ಳಿ. ‘ಬೆಲೆ ಕೇಳಿ ಅವರು ಹಿಂದೆ ಸರಿದರು’: ‘ದೇ ವರ್ ಪುಟ್ ಆಫ್ ಬೈ ದಿ ಪ್ರೈಸ್’. ‘ಬಾಡಿಗೆ ಕೇಳಿದಾಗಲೆಲ್ಲ ಏನಾದರೊಂದು ನೆಪ ಹೇಳಿ ನನ್ನನ್ನು ಸಾಗಹಾಕುತ್ತಾನೆ’: ‘ವೆನ್‌ಎವರ್ ಐ ಆಸ್ಕ್ ಫಾರ್ ದಿ ರೆಂಟ್, ಹಿ ಪುಟ್ಸ್ ಮಿ ಆಫ್ ವಿತ್ ಸಮ್ ಎಕ್ಸ್‌ಕ್ಯೂಸ್’. ಇಲ್ಲಿ ‘ಪುಟ್ಸ್’ನ ಎಸ್ ಬಿಟ್ಟರೆ ವರ್ತಮಾನದ ಸುಳಿವು ಹೋಗುತ್ತದೆ, ‘ಮಿ’ಯನ್ನು ‘ಆಫ್’ ಆದ ಮೇಲೆ ಕೂರಿಸಿದರೆ ವಾಕ್ಯವೇ ಕೆಡುತ್ತದೆ. ‘ಸಾಲ ಕಟ್ಟುವುದನ್ನು ಮುಂದೆ ಹಾಕಬೇಡ’ ಎಂಬುದನ್ನು ಕೊನೆಯದಾಗಿ ಪ್ರಯತ್ನಿಸಿ: ‘ಡೋಂಟ್ ಪುಟ್ ಆಫ್ ರಿಪೇಯಿಂಗ್ ದಿ ಲೋನ್’. ಸಾಲದ ಮಾತು ಮೊದಲೇ ಬಂದುಹೋಗಿದ್ದರೆ ‘ಡೋಂಟ್ ಪುಟ್ ಇಟ್ ಆಫ್’ ಎಂದರೆ ಆಯಿತು.